ಶ್ಯಾಣ್ಯಾ ಮಕ್ಕಳಿಗೆ ನಾನೂರು ಸೀಟು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಿಗೆ ಒಂದೊಂದು ಆದರ್ಶ ವಿದ್ಯಾಲಯ ಬಂದದ್ದು ಇಲ್ಲಿನ ಮಕ್ಕಳು ಜಾಣರೆಂದು ಯಾರೋ ಗುರುತಿಸಿದರು ಅಂತಲ್ಲ. ಅವರ ತಾಯಂದಿರಿಗೆ ಓದು ಬರುತ್ತಿರಲಿಲ್ಲ, ಅದಕ್ಕೆ. ಕೇಂದ್ರ ಸರ್ಕಾರ 2008ರಲ್ಲಿ ಮಾದರಿ ಶಾಲೆಗಳ ಯೋಜನೆ ತಂದಾಗ ಶೈಕ್ಷಣಿಕವಾಗಿ ಹಿಂದುಳಿದ ತಾಲ್ಲೂಕು ಯಾವುದೆಂದು ತೀರ್ಮಾನಿಸಲು ಎರಡು ಅಳತೆ ಇಟ್ಟುಕೊಂಡಿತ್ತು. 2001ರ ಜನಗಣತಿಯ ಪ್ರಕಾರ ಗ್ರಾಮೀಣ ಮಹಿಳೆಯರ ಸಾಕ್ಷರತೆ ದೇಶದ ಸರಾಸರಿಯಾದ ಶೇ 46.13ಕ್ಕಿಂತ ಕೆಳಗಿರಬೇಕು. ಗಂಡಸರ ಮತ್ತು ಹೆಂಗಸರ ಸಾಕ್ಷರತೆಯ ನಡುವಿನ ಅಂತರ 21.59 ಅಂಶಕ್ಕಿಂತ ಹೆಚ್ಚಿರಬೇಕು. ಕರ್ನಾಟಕದಲ್ಲಿ 74 ಆದರ್ಶ ವಿದ್ಯಾಲಯಗಳು ಹುಟ್ಟಿದ್ದು ಈ ಲೆಕ್ಕದಿಂದ. ಆಗ ಕೊಪ್ಪಳ ಜಿಲ್ಲೆಯಲ್ಲಿದ್ದದ್ದೇ ನಾಲ್ಕು ತಾಲ್ಲೂಕು, ನಾಲ್ಕೂ ಪಟ್ಟಿಯಲ್ಲಿದ್ದವು. ಕುಕನೂರು, ಕಾರಟಗಿ, ಕನಕಗಿರಿ ತಾಲ್ಲೂಕುಗಳಾದದ್ದು ಆಮೇಲೆ.

ಶಾಲೆ ಬಂತು. ಆದರೆ ಸೇರಲು ಪ್ರವೇಶ ಪರೀಕ್ಷೆ ಬರೆಯಬೇಕು. ಐದನೇ ತರಗತಿಯ ಮಕ್ಕಳು ಬರೆದು, ಆಯ್ಕೆಯಾದ 80 ಮಂದಿ ಆರನೇ ತರಗತಿಗೆ ಹೋಗುತ್ತಾರೆ. ಅಲ್ಲಿಂದ ಇಂಗ್ಲಿಷ್ ಮಾಧ್ಯಮ. ತಾಲ್ಲೂಕು ಹಿಂದುಳಿದಿದೆ ಎಂಬ ಕಾರಣಕ್ಕೆ ಬಂದ ಶಾಲೆಯ ಒಳಗೆ ಕಾಲಿಡಲು ಆ ತಾಲ್ಲೂಕಿನ ಉಳಿದ ಮಕ್ಕಳಿಗಿಂತ ಮುಂದಿರಬೇಕು ಎಂಬುದು ಸರ್ಕಾರಿ ಕಡತಗಳಲ್ಲಿ ಮಾತ್ರ ಸಹಜವಾಗಿ ಕಾಣುವ ತರ್ಕ.

ನಾಲ್ಕು ಆದರ್ಶ ಶಾಲೆಗಳಿಂದ 320 ಸೀಟು. ಕುಕನೂರಿನಲ್ಲಿರುವ ಜವಾಹರ ನವೋದಯ ವಿದ್ಯಾಲಯ ಇಡೀ ಜಿಲ್ಲೆಗೆ ಒಂದೇ; ಅಲ್ಲಿ 80. ಒಟ್ಟು ನಾನೂರು. ಇವುಗಳ ಜೊತೆಗೆ ಮೊರಾರ್ಜಿ ದೇಸಾಯಿ ಮತ್ತು ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿವೆ. ಅವುಗಳಿಗೂ ಐದನೇ ತರಗತಿಯಲ್ಲೇ ಪರೀಕ್ಷೆ, ಆದರೆ ಅವುಗಳ ಹುಟ್ಟಿನ ಉದ್ದೇಶ ಸಾಮಾಜಿಕ ನ್ಯಾಯ, ಪ್ರತಿಭಾ ಶೋಧವಲ್ಲ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಸುಮಾರು 13.9 ಲಕ್ಷ. ಒಂದೊಂದು ವಯಸ್ಸಿನ ಮಕ್ಕಳು ಇಪ್ಪತ್ತು ಸಾವಿರಕ್ಕೆ ಕಡಿಮೆ ಇರಲಾರರು. ಅವರಲ್ಲಿ ನಾನೂರು ಮಂದಿಯನ್ನು ಸರ್ಕಾರ ಹತ್ತನೇ ವಯಸ್ಸಿನಲ್ಲಿ ಆರಿಸಿಕೊಂಡು ತನ್ನ ಕೆಲಸ ಮುಗಿಯಿತು ಎಂದುಕೊಳ್ಳುತ್ತದೆ. ನಮ್ಮಲ್ಲಿ ಪ್ರತಿಭಾವಂತ ಮಕ್ಕಳಿಗಾಗಿ ನೀತಿ ಎಂಬುದು ಇಲ್ಲ, ಸೀಟು ಇದೆ ಅಷ್ಟೇ ಎಂಬುದು ನನ್ನ ತಕರಾರು.

ಪರೀಕ್ಷೆಯ ದಿನ ತಾಲ್ಲೂಕು ಕೇಂದ್ರದ ಯಾವುದೇ ಹೈಸ್ಕೂಲಿನ ಗೇಟಿನ ಮುಂದೆ ನಿಂತರೂ ಅಪ್ಪಂದಿರ ಮಾತು ಒಂದೇ ತರಹ ಇರುತ್ತದೆ. ‘ನವೋದಯಕ್ಕೂ ಬರಸೀವ್ರಿ, ಮುರಾರ್ಜಿಗೂ ಬರಸೀವ್ರಿ, ಆದರ್ಶಕ್ಕೂ ಬರಸೀವ್ರಿ. ಯಾವುದರೇ ಒಂದು ಹತ್ತಲಿ.’ ಅವರು ಹುಡುಕುತ್ತಿರುವುದು ಮಗುವಿನ ವಿಶೇಷ ಬುದ್ಧಿಗೆ ತಕ್ಕ ಶಾಲೆಯನ್ನಲ್ಲ, ಎಲ್ಲ ವಿಷಯಕ್ಕೂ ಮಾಸ್ತರು ಇರುವ ಶಾಲೆಯನ್ನು. ಕಲ್ಯಾಣ ಕರ್ನಾಟಕದಲ್ಲಿ ಖಾಲಿ ಬಿದ್ದಿರುವ ಶಿಕ್ಷಕರ ಹುದ್ದೆಗಳನ್ನೂ, ಜೂನ್‌ನಲ್ಲಿ ಬರಬೇಕಾದ ಅತಿಥಿ ಶಿಕ್ಷಕರು ತಡವಾಗಿ ಬರುವುದನ್ನೂ ಕಂಡವರು ಹಾಗೆ ಯೋಚಿಸಿದರೆ ತಪ್ಪೇನು? ಹೀಗಾಗಿ ಪ್ರತಿಭೆಯ ಪರೀಕ್ಷೆ ಎಂದು ನಡೆಯುವುದು ನಿಜದಲ್ಲಿ ಒಳ್ಳೆಯ ಶಾಲೆಯ ಪಾಲಿನ ಹಂಚಿಕೆ. ಒಳ್ಳೆಯ ಶಾಲೆ ಕಡಿಮೆ ಇರುವುದರಿಂದ ಪರೀಕ್ಷೆ; ಪರೀಕ್ಷೆ ಇರುವುದರಿಂದ ಕೋಚಿಂಗ್.

ನವೋದಯದ ಪರೀಕ್ಷೆ ಎರಡು ಗಂಟೆಯದು. 80 ಪ್ರಶ್ನೆ, 100 ಅಂಕ. ಅರ್ಧ ಅಂಕ ಬೌದ್ಧಿಕ ಸಾಮರ್ಥ್ಯದ ಚಿತ್ರಪ್ರಶ್ನೆಗಳಿಗೆ, ಉಳಿದರ್ಧ ಅಂಕಗಣಿತ ಮತ್ತು ಭಾಷೆಗೆ ಸಮವಾಗಿ. ಕನ್ನಡದಲ್ಲೇ ಬರೆಯಬಹುದು. ಶೇ 75 ಸೀಟು ಗ್ರಾಮೀಣ ಮಕ್ಕಳಿಗೆ ಮೀಸಲು, ಮೂರನೇ ಒಂದು ಪಾಲು ಹೆಣ್ಣುಮಕ್ಕಳಿಗೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ಹುಟ್ಟಿದ ಈ ಶಾಲೆಗಳ ಕಲ್ಪನೆ ನಿಜಕ್ಕೂ ದೊಡ್ಡದು: ಹಳ್ಳಿಯ ಜಾಣ ಮಗುವಿಗೆ ಅಪ್ಪನ ಜೇಬು ನೋಡದೆ ಒಳ್ಳೆಯ ವಿದ್ಯೆ ಸಿಗಬೇಕು. ಒಂಬತ್ತನೇ ತರಗತಿಗೆ ಬಂದಾಗ ಶೇ 30ರಷ್ಟು ಮಕ್ಕಳು ಒಂದು ವರ್ಷ ಹಿಂದಿ ಭಾಷಿಕ ರಾಜ್ಯದ ನವೋದಯಕ್ಕೆ ಹೋಗಿ ಓದುತ್ತಾರೆ, ಅಲ್ಲಿನ ಮಕ್ಕಳು ಇಲ್ಲಿಗೆ ಬರುತ್ತಾರೆ. ಜೋಳದ ರೊಟ್ಟಿ ಬಿಟ್ಟು ಇರಲಾರದ ಹುಡುಗನೊಬ್ಬ ಉತ್ತರದ ಚಳಿಯಲ್ಲಿ ಪೂರಿ ತಿನ್ನುತ್ತ ಹಿಂದಿ ಕಲಿಯುವುದು ಯಾವ ಪಠ್ಯಪುಸ್ತಕವೂ ಕೊಡದ ಪಾಠ.

ಆದರೆ ಈ ಪರೀಕ್ಷೆಗೆ ಒಂದೇ ಸಲ ಕೂರಬೇಕು, ಎರಡನೇ ಅವಕಾಶವಿಲ್ಲ. ಹತ್ತು ವರ್ಷದ ಮಗುವಿಗೆ ಆ ದಿನ ಜ್ವರ ಬಂದರೆ ಮುಗಿಯಿತು. ಅರ್ಜಿಯೇ ಹಾಕದಿದ್ದರೆ ಜ್ವರದ ಮಾತೂ ಬರುವುದಿಲ್ಲ. ಅರ್ಜಿ ಹಾಕುವವರು ಯಾರು? ಆನ್‌ಲೈನ್ ಫಾರಂ ತುಂಬಬೇಕು, ಮುಖ್ಯೋಪಾಧ್ಯಾಯರ ಸಹಿ, ಫೋಟೊ, ಆಧಾರ್ ಬೇಕು. ನವೋದಯದ ಪರೀಕ್ಷೆ ಇತ್ತೀಚೆಗೆ ಡಿಸೆಂಬರ್ ಇಲ್ಲವೇ ಜನವರಿಯಲ್ಲಿ. ಆದರ್ಶದ್ದು ಅದರ ಹಿಂದೆಯೇ. ಅದೇ ಹೊತ್ತಿಗೆ ಕುಷ್ಟಗಿ, ಯಲಬುರ್ಗಾದ ಒಣಭೂಮಿಯ ಊರುಗಳಿಂದ ಮಳೆ ಕೈಕೊಟ್ಟ ವರ್ಷ ಸಂಸಾರಗಳು ಬೆಂಗಳೂರು, ಮಂಗಳೂರು, ಗೋವಾದ ಕಡೆ ಗುಳೆ ಹೊರಡುತ್ತವೆ. ದೊಡ್ಡ ಮಗಳು ತಮ್ಮನನ್ನು ನೋಡಿಕೊಳ್ಳಲು ಜೊತೆಗೆ ಹೋಗುತ್ತಾಳೆ. ಅದಕ್ಕೂ ಮುಂಚೆ ಬೀಜೋತ್ಪಾದನೆಯ ಹೊಲಗಳಲ್ಲಿ ಹೂವಿನ ‘ಕ್ರಾಸಿಂಗ್’ ಕೆಲಸವಿರುತ್ತದೆ. ಅದಕ್ಕೆ ಸಣ್ಣ ಬೆರಳುಗಳು ಬೇಕು. ಇಂಥ ಮಗುವಿನ ಬುದ್ಧಿಯನ್ನು ಪರೀಕ್ಷೆ ಅಳೆಯುವುದಿಲ್ಲ, ಏಕೆಂದರೆ ಅದು ಪರೀಕ್ಷೆಯ ಕೋಣೆಯವರೆಗೂ ಬರುವುದೇ ಇಲ್ಲ.

ಜಿಲ್ಲೆಯೊಳಗೇ ಎರಡು ಜಿಲ್ಲೆಗಳಿವೆ. ತುಂಗಭದ್ರಾ ಎಡದಂಡೆ ಕಾಲುವೆ ಹರಿಯುವ ಗಂಗಾವತಿ, ಕಾರಟಗಿಯ ಭತ್ತದ ಸೀಮೆ ಒಂದು. ಆಕಾಶ ನೋಡಿಕೊಂಡು ಕೂರುವ ಹನುಮಸಾಗರ, ತಾವರಗೇರಾ, ಹಿರೇವಂಕಲಕುಂಟಾದ ಸೀಮೆ ಇನ್ನೊಂದು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ ಕುಷ್ಟಗಿ ಮತ್ತು ಯಲಬುರ್ಗಾ ಇದ್ದವು. ಗಂಗಾವತಿ ಆ ಪಟ್ಟಿಯಲ್ಲಿರಲಿಲ್ಲ. ನಾಲ್ಕನೇ ತರಗತಿಯಿಂದಲೇ ಮಗುವನ್ನು ನವೋದಯ, ಸೈನಿಕ ಶಾಲೆಯ ಕೋಚಿಂಗಿಗೆ ಧಾರವಾಡ, ವಿಜಯಪುರದಲ್ಲಿ ಬಿಡುವ ಶಕ್ತಿ ಯಾವ ಸೀಮೆಯವರಿಗಿದೆ ಎಂದು ಬೇರೆ ಹೇಳಬೇಕಿಲ್ಲ. ನವೋದಯದ ಗ್ರಾಮೀಣ ಮೀಸಲಾತಿಯ ದೃಷ್ಟಿಯಲ್ಲಿ ಇಬ್ಬರೂ ಹಳ್ಳಿಯವರೇ.

ಇದು ನಮ್ಮೊಬ್ಬರ ಕಥೆಯಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಲೂಯಿಸ್ ಟರ್ಮನ್ 1921ರಲ್ಲಿ ಅಸಾಮಾನ್ಯ ಬುದ್ಧಿಯ ಮಕ್ಕಳನ್ನು ಹುಡುಕಲು ಹೊರಟು ಸುಮಾರು 1,500 ಮಂದಿಯನ್ನು ಆರಿಸಿದರು. ಮೊದಲ ಹೆಸರುಗಳನ್ನು ಕೊಟ್ಟವರು ಶಿಕ್ಷಕರು. ಆ ಪರೀಕ್ಷೆ ಬರೆದೂ ಆಯ್ಕೆಯಾಗದ ಇಬ್ಬರು ಹುಡುಗರು ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಅಲ್ವಾರೆಜ್. ಮುಂದೆ ಒಬ್ಬರಿಗೆ 1956ರಲ್ಲಿ, ಇನ್ನೊಬ್ಬರಿಗೆ 1968ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಆಯ್ಕೆಯಾದ ಅಷ್ಟೂ ಜನರಲ್ಲಿ ಒಬ್ಬರಿಗೂ ನೊಬೆಲ್ ಬರಲಿಲ್ಲ.

ಅದಕ್ಕಿಂತ ನಮಗೆ ಹತ್ತಿರದ್ದು ಫ್ಲಾರಿಡಾದ ಬ್ರೋವರ್ಡ್ ಕೌಂಟಿಯ ಅನುಭವ. ಅಲ್ಲಿ ತಂದೆ ತಾಯಿ ಅಥವಾ ಶಿಕ್ಷಕರು ಹೆಸರು ಸೂಚಿಸಿದ ಮಕ್ಕಳನ್ನಷ್ಟೇ ಪ್ರತಿಭಾ ಪರೀಕ್ಷೆಗೆ ಕೂರಿಸುತ್ತಿದ್ದರು. 2005ರಿಂದ ಎರಡನೇ ತರಗತಿಯ ಎಲ್ಲ ಮಕ್ಕಳಿಗೂ ಶಾಲೆಯಲ್ಲೇ ಒಂದು ಸಣ್ಣ ಪ್ರಾಥಮಿಕ ಪರೀಕ್ಷೆ ಮಾಡತೊಡಗಿದರು. ಬಡ ಮಕ್ಕಳು, ಕರಿಯರ ಮತ್ತು ಹಿಸ್ಪ್ಯಾನಿಕ್ ಮನೆಗಳ ಮಕ್ಕಳು ಪ್ರತಿಭಾವಂತರ ಪಟ್ಟಿಗೆ ಗಣನೀಯವಾಗಿ ಹೆಚ್ಚಾಗಿ ಬಂದರು. ಪಾಸಾಗುವ ಮಟ್ಟವನ್ನು ಆಗ ಬದಲಿಸಿರಲಿಲ್ಲ. ಅವರು ಮೊದಲೂ ಅಲ್ಲೇ ಇದ್ದರು, ಹೆಸರು ಹೇಳುವವರಿರಲಿಲ್ಲ. ಡೇವಿಡ್ ಕಾರ್ಡ್ ಮತ್ತು ಲಾರಾ ಜುಲಿಯಾನೊ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಅಧ್ಯಯನ ಮಾಡಿದರು. ಮುಂದೆ ಬಜೆಟ್ ಕಡಿತವಾಗಿ ಈ ಪದ್ಧತಿ ನಿಂತಾಗ ಸಂಖ್ಯೆ ಮತ್ತೆ ಕುಸಿಯಿತು ಎಂಬುದೂ ಅದೇ ಅಧ್ಯಯನದ ಮಾತು. ದುಡ್ಡಿಗೂ ಪ್ರತಿಭೆ ಕಣ್ಣಿಗೆ ಬೀಳುವುದಕ್ಕೂ ಇಷ್ಟು ನೇರ ಸಂಬಂಧ ತೋರಿಸುವ ಉದಾಹರಣೆ ಇನ್ನೊಂದನ್ನು ನಾನು ಕಂಡಿಲ್ಲ.

ದುಡ್ಡಿನ ವಿಷಯಕ್ಕೆ ಬಂದೆ. ಆದರ್ಶ ವಿದ್ಯಾಲಯಗಳಿಗೆ ಮೊದಲು ಕೇಂದ್ರದ ಪಾಲು ನಾಲ್ಕರಲ್ಲಿ ಮೂರು. 2015–16ರಲ್ಲಿ ಕೇಂದ್ರ ಈ ಯೋಜನೆಯಿಂದ ಕೈ ತೊಳೆದುಕೊಂಡಿತು. 14ನೇ ಹಣಕಾಸು ಆಯೋಗ ರಾಜ್ಯಗಳ ತೆರಿಗೆ ಪಾಲನ್ನು ಶೇ 32ರಿಂದ 42ಕ್ಕೆ ಏರಿಸಿದೆ, ಇನ್ನು ನೀವೇ ನಡೆಸಿಕೊಳ್ಳಿ ಎಂಬ ಧೋರಣೆ. ಕರ್ನಾಟಕ ಶಾಲೆಗಳನ್ನು ಮುಚ್ಚಲಿಲ್ಲ, ಅದು ಮೆಚ್ಚಬೇಕಾದ್ದು. ಆದರೆ ಇವು ವಸತಿ ಶಾಲೆಗಳಲ್ಲ. ತಾಲ್ಲೂಕಿನ ಅಂಚಿನ ಊರಿನ ಮಗು ದಿನಾ ಬಸ್ ಹತ್ತಿ ಬರಬೇಕು, ಇಲ್ಲವೇ ಹಾಸ್ಟೆಲ್ ಹುಡುಕಬೇಕು. ಕೊಪ್ಪಳದ ಗವಿಮಠದ ಶ್ರೀಗಳು 2022ರಲ್ಲಿ ಐದು ಸಾವಿರ ಮಕ್ಕಳ ಉಚಿತ ಪ್ರಸಾದ ನಿಲಯದ ಸಂಕಲ್ಪದ ಬಗ್ಗೆ ಮಾತಾಡುತ್ತ ಕಣ್ಣೀರಿಟ್ಟಾಗ ಇಡೀ ಜಿಲ್ಲೆ ಮರುಗಿ ಮುಂದೆ ಬಂದದ್ದು ಸುಮ್ಮನಲ್ಲ. ಇಲ್ಲಿ ಓದಿಗೆ ಮೊದಲ ಅಡ್ಡಿ ಪಾಠವಲ್ಲ, ಊಟ ಮತ್ತು ಮಲಗುವ ಜಾಗ.

ಪ್ರತಿಭೆಯ ಹೆಸರಿನ ಕೇಂದ್ರ ಯೋಜನೆಗಳಿಗೆ ಅಲ್ಪಾಯುಷ್ಯ ಎಂಬುದನ್ನೂ ಹೇಳಬೇಕು. 1963ರಲ್ಲಿ ವಿಜ್ಞಾನ ಪ್ರತಿಭಾ ಶೋಧವಾಗಿ ಶುರುವಾದ ಎನ್‌ಟಿಎಸ್‌ಇ ಪರೀಕ್ಷೆ 2021ರ ನಂತರ ನಿಂತೇ ಹೋಯಿತು. ಭಾರತೀಯ ವಿಜ್ಞಾನ ಸಂಸ್ಥೆ ನಡೆಸುತ್ತಿದ್ದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ 1999ರಲ್ಲಿ ಹುಟ್ಟಿ 2022ರಲ್ಲಿ ಇನ್‌ಸ್ಪೈರ್ ಯೋಜನೆಯೊಳಗೆ ಕರಗಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ವಿಶೇಷ ಪ್ರತಿಭೆಯ ಮಕ್ಕಳ ಬಗ್ಗೆ ನಾಲ್ಕೇ ಪ್ಯಾರಾ ಇವೆ: ಬಿ.ಇಡಿ.ಯಲ್ಲಿ ಅದಕ್ಕೊಂದು ವಿಶೇಷ ತರಬೇತಿ, ಶಾಲೆಗಳಲ್ಲಿ ವಿಷಯವಾರು ಕ್ಲಬ್‌ಗಳು, ಒಲಿಂಪಿಯಾಡ್‌ಗಳು. ಕರ್ನಾಟಕ ಆ ನೀತಿಯನ್ನೇ ಬದಿಗಿಟ್ಟು 2023ರಲ್ಲಿ ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ತನ್ನದೇ ಆಯೋಗ ರಚಿಸಿತು. ಆ ನಾಲ್ಕು ಪ್ಯಾರಾಗಳಿಗೆ ಇಲ್ಲಿ ವಾರಸುದಾರರಿಲ್ಲದಂತಾಯಿತು. ಪ್ರತಿಭಾವಂತ ಮಕ್ಕಳನ್ನು ಗುರುತಿಸುವ ವಿಧಾನದ ಬಗ್ಗೆ 2010ರ ಆಸುಪಾಸಿನಿಂದ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲೇ ಸಂಶೋಧನೆ ನಡೆದಿದೆ; ಯಲಬುರ್ಗಾದ ಒಬ್ಬ ಸಿಆರ್‌ಪಿಯ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯ) ಚೀಲಕ್ಕೆ ಅದರ ಒಂದು ಹಾಳೆಯಾದರೂ ಬಂದಿದ್ದರೆ ಚೆನ್ನಾಗಿತ್ತು.

ಇಷ್ಟೆಲ್ಲದರ ನಡುವೆ ಸದ್ದಿಲ್ಲದೆ ಬದುಕಿರುವ ಒಂದು ಯೋಜನೆ ಎನ್‌ಎಂಎಂಎಸ್. ರಾಷ್ಟ್ರೀಯ ಆದಾಯ ಹಾಗೂ ಅರ್ಹತೆ ಆಧಾರಿತ ವಿದ್ಯಾರ್ಥಿವೇತನ ಎಂಬ ಉದ್ದ ಹೆಸರು ಯಾರ ಬಾಯಲ್ಲೂ ನಿಲ್ಲದು. 2008ರಲ್ಲಿ ಬಂತು. ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಗಳ ಎಂಟನೇ ತರಗತಿಯ ಮಕ್ಕಳಿಗೆ ಮಾತ್ರ. ಕುಟುಂಬದ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಬಾರದು. ಎರಡು ಪತ್ರಿಕೆ: ಒಂದು ಬೌದ್ಧಿಕ ಸಾಮರ್ಥ್ಯದ್ದು, ಇನ್ನೊಂದು ಪಠ್ಯವಿಷಯಗಳದ್ದು, ತಲಾ 90 ಅಂಕ. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ ಮಗುವಿನ ಖಾತೆಗೆ ಬರುತ್ತದೆ. ನವೋದಯದಂಥ ವಸತಿ ಶಾಲೆಗಳ ಮಕ್ಕಳಿಗೆ ಇದು ಇಲ್ಲ. ದೇಶದಾದ್ಯಂತ ಒಂದು ಲಕ್ಷ ಮಕ್ಕಳಿಗೆ. ಅದರಲ್ಲಿ ಕರ್ನಾಟಕದ ಪಾಲು 5,534.

ನನ್ನ ಮಟ್ಟಿಗೆ ಈ ಭಾಗಕ್ಕೆ ಹೇಳಿ ಮಾಡಿಸಿದ ಯೋಜನೆ ಇದೇ. ಮಗುವನ್ನು ಊರಿನಿಂದ, ಕನ್ನಡದಿಂದ, ತನ್ನ ಶಾಲೆಯಿಂದ ಇದು ಕೀಳುವುದಿಲ್ಲ. ತರಗತಿಯಲ್ಲಿ ಒಬ್ಬ ಶ್ಯಾಣ್ಯಾ ಉಳಿದರೆ ಅವನ ಪಕ್ಕದಲ್ಲಿ ಕೂರುವವನಿಗೂ ಲಾಭ. ಐದನೇ ತರಗತಿಯ ಕೊನೆಗೆ ಇದ್ದ ನಾಲ್ಕಾರು ಚುರುಕು ಮಕ್ಕಳೂ ಎದ್ದು ಹೋದ ಮೇಲೆ ಹಳ್ಳಿಯ ಆರನೇ ತರಗತಿ ಹೇಗಿರುತ್ತದೆ ಎಂದು ಅಲ್ಲಿನ ಗಣಿತದ ಮಾಸ್ತರನ್ನು ಕೇಳಿ ನೋಡಿ. ಎರಡನೆಯದಾಗಿ, ಹತ್ತರಲ್ಲಿ ಅರಳದೆ ಹದಿಮೂರರಲ್ಲಿ ಅರಳುವ ಮಕ್ಕಳಿದ್ದಾರೆ. ಮನೆಯಲ್ಲಿ ಓದಿಸುವವರಿಲ್ಲದ ಮಕ್ಕಳು ಹೆಚ್ಚಾಗಿ ಹಾಗೆಯೇ. ಅವರಿಗೆ ಈಗಿರುವ ಎರಡನೇ ಬಾಗಿಲು ಬಹುಮಟ್ಟಿಗೆ ಇದೊಂದೇ.

ಆದರೂ ಈ ಬಾಗಿಲಿನ ಹೊಸ್ತಿಲು ಎತ್ತರದ್ದು. ಪಾಸಾದರೆ ಸಾಲದು, ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ನೋಂದಣಿ, ಆಧಾರ್‌ನಲ್ಲೂ ಶಾಲೆಯ ದಾಖಲೆಯಲ್ಲೂ ಹೆಸರಿನ ಸ್ಪೆಲಿಂಗ್ ಒಂದೇ ಇರಬೇಕು, ಖಾತೆಗೆ ಆಧಾರ್ ಜೋಡಣೆ, ಪ್ರತಿ ವರ್ಷ ನವೀಕರಣ. ‘ಎಚ್’ ಒಂದು ಹೆಚ್ಚಾದರೆ ಹಣ ನಿಂತಿತು. ತಿಂಗಳಿಗೆ ಐನೂರಿದ್ದದ್ದು 2017ರಲ್ಲಿ ಸಾವಿರವಾಯಿತು. ಅಲ್ಲಿಂದೀಚೆ ಬಸ್ ಚಾರ್ಜಿನಿಂದ ನೋಟ್‌ಬುಕ್‌ವರೆಗೆ ಎಲ್ಲದರ ಬೆಲೆ ಏರಿದೆ, ಈ ಸಾವಿರ ಮಾತ್ರ ಸಾವಿರವಾಗಿಯೇ ಇದೆ. ಈ ಪರೀಕ್ಷೆಗೆ ಸಂಜೆ ಹೊತ್ತು ಕೂರಿಸಿ ತಯಾರು ಮಾಡುವ ಸರ್ಕಾರಿ ಶಾಲೆಯ ಮಾಸ್ತರರಿಗೆ ಅದಕ್ಕೆಂದು ಬಿಡಿಗಾಸಿಲ್ಲ, ಬಿಡುವಿಲ್ಲ. ಮಕ್ಕಳು ಆಯ್ಕೆಯಾಗುವ ಶಾಲೆಗಳಲ್ಲಿ ಪ್ರತಿ ವರ್ಷ ಆಗುತ್ತಾರೆ, ಆಗದ ಶಾಲೆಗಳಲ್ಲಿ ಎಂದೂ ಆಗುವುದಿಲ್ಲ. ನಡುವಿನ ವ್ಯತ್ಯಾಸ ಎಂದರೆ ಸಾಮಾನ್ಯವಾಗಿ ಇಂಥ ಒಬ್ಬ ಮಾಸ್ತರು.

ಪಕ್ಕದ ರಾಜ್ಯಗಳ ಕಡೆ ನೋಡಿದರೆ ಬೇರೆ ದಾರಿಗಳೂ ಕಾಣುತ್ತವೆ. ಕೇರಳದಲ್ಲಿ ನಾಲ್ಕು ಮತ್ತು ಏಳನೇ ತರಗತಿಗೆ ಎಲ್‌ಎಸ್‌ಎಸ್, ಯುಎಸ್‌ಎಸ್ ಎಂಬ ವಿದ್ಯಾರ್ಥಿವೇತನ ಪರೀಕ್ಷೆಗಳಿವೆ. ಕಾಸರಗೋಡಿನ ಕನ್ನಡ ಮಕ್ಕಳೂ ಬರೆಯುತ್ತಾರೆ. ಮಹಾರಾಷ್ಟ್ರದಲ್ಲಿ ಶಾಲಾ ಮಕ್ಕಳ ‘ಸ್ಕಾಲರ್‌ಶಿಪ್ ಪರೀಕ್ಷೆ’ ಹಳೆಯ ಸಂಪ್ರದಾಯ. ಅದನ್ನು ಕನ್ನಡ ಮಾಧ್ಯಮದಲ್ಲೂ ನಡೆಸುತ್ತಾರೆ. ಜತ್ತ, ಅಕ್ಕಲಕೋಟೆಯ ನಮ್ಮ ಮಕ್ಕಳಿಗೆ ಪುಣೆಯ ಪರೀಕ್ಷಾ ಪರಿಷತ್ತು ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಕೊಡುತ್ತದೆ. ಮಕ್ಕಳನ್ನು ಬೇರ್ಪಡಿಸಿ ಓದಿಸುವುದರಲ್ಲಿ ಜಗತ್ತಿಗೇ ಗುರುವಾಗಿದ್ದ ಸಿಂಗಪುರ ಕೂಡ 1984ರಲ್ಲಿ ಶುರು ಮಾಡಿದ ತನ್ನ ಪ್ರತಿಭಾವಂತರ ಕಾರ್ಯಕ್ರಮವನ್ನು ಬದಲಿಸಲು ಹೊರಟಿದೆ. ಆಯ್ದ ಕೆಲವೇ ಶಾಲೆಗಳ ಬದಲು ಪ್ರತಿ ಪ್ರಾಥಮಿಕ ಶಾಲೆಯಲ್ಲೂ ಚುರುಕು ಮಕ್ಕಳಿಗೆ ಹೆಚ್ಚಿನ ಪಾಠ ಸಿಗುವ ವ್ಯವಸ್ಥೆ ಮಾಡುವುದಾಗಿ ಅಲ್ಲಿನ ಪ್ರಧಾನಿ ಲಾರೆನ್ಸ್ ವಾಂಗ್ 2024ರ ಆಗಸ್ಟ್‌ನಲ್ಲಿ ಪ್ರಕಟಿಸಿದರು.

ಇಷ್ಟು ಹೊತ್ತೂ ನಾವು ಲೆಕ್ಕ ಮತ್ತು ತರ್ಕದ ಬುದ್ಧಿಯನ್ನೇ ಪ್ರತಿಭೆ ಎಂದು ಮಾತಾಡುತ್ತಿದ್ದೇವೆ. ಕಿನ್ನಾಳದ ಚಿತ್ರಗಾರರ ಮನೆಯ ಮಗುವಿನ ಕೈ, ಬಯಲಾಟದ ಊರಿನ ಮಗುವಿನ ಕಂಠ ಯಾವ ಪರೀಕ್ಷೆಗೂ ಸಿಗವು. ಅದಕ್ಕೆಂದೇ 2002ರ ಸುಮಾರಿಗೆ ರಾಜ್ಯ ಸರ್ಕಾರ ಪ್ರತಿಭಾ ಕಾರಂಜಿ ತಂದಿತು. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುವ ಒಳ್ಳೆಯ ಕಲ್ಪನೆ. ಬಾಡಿಗೆ ವೇಷ, ಟಂಟಂ ಗಾಡಿಯ ಖರ್ಚು, ಮಧ್ಯಾಹ್ನದ ಊಟ ಎಲ್ಲ ಎಷ್ಟೋ ಸಲ ಮಾಸ್ತರರ ಜೇಬಿನಿಂದಲೇ. ಗೆದ್ದ ಮಗುವಿಗೆ ಪ್ರಮಾಣಪತ್ರ ಸಿಗುತ್ತದೆ, ಮರುದಿನದಿಂದ ಕಲಿಸುವ ಗುರು ಸಿಗುವುದಿಲ್ಲ. ಕೊಪ್ಪಳ ತಾಲ್ಲೂಕಿನ ಮೋರನಾಳದ ತೊಗಲು ಗೊಂಬೆಯಾಟದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರ ವಯಸ್ಸು 96. ನಮ್ಮ ಸರ್ಕಾರಗಳು ಪ್ರತಿಭೆಯನ್ನು ಹತ್ತನೇ ವಯಸ್ಸಿನಲ್ಲಿ ಅಂಕಗಣಿತದಿಂದ ಗುರುತಿಸುತ್ತವೆ, ಇಲ್ಲವೇ ತೊಂಬತ್ತು ದಾಟಿದ ಮೇಲೆ ಪದಕದಿಂದ.

ಈ ಸೀಮೆಯಲ್ಲಿ ಜಾಣರಿಗೆ ಕೊರತೆ ಎಂದೂ ಇರಲಿಲ್ಲ. ಅಂದಿನ ಯಲಬುರ್ಗಾ ತಾಲ್ಲೂಕಿನ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ ಸಿದ್ದಯ್ಯ ಪುರಾಣಿಕರು ನಿಜಾಮನ ಆಳ್ವಿಕೆಯಲ್ಲಿ, ಉನ್ನತ ವಿದ್ಯೆಯೆಲ್ಲ ಉರ್ದುವಿನಲ್ಲಿದ್ದ ಕಾಲದಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾಲಯದವರೆಗೆ ಹೋಗಿ ಹೈದರಾಬಾದ್ ಸಿವಿಲ್ ಸರ್ವಿಸ್ ಸೇರಿದರು, ‘ಕಾವ್ಯಾನಂದ’ ಎಂಬ ಹೆಸರಿನಲ್ಲಿ ಕವಿಯಾದರು. ಆದರೆ ಅವರ ತಂದೆ ಕಲ್ಲಿನಾಥ ಶಾಸ್ತ್ರಿಗಳು ಪಂಡಿತರು; ಮನೆಯಲ್ಲೇ ಪುಸ್ತಕವಿತ್ತು. ಅದೇ ಊರಿನ ಪುಸ್ತಕವಿಲ್ಲದ ಮನೆಗಳಲ್ಲಿ 1918ರಲ್ಲಿ ಎಂಥೆಂಥ ಮಕ್ಕಳು ಹುಟ್ಟಿದ್ದವೋ, ಅವುಗಳ ಜೀವನಚರಿತ್ರೆ ಬರೆಯಲು ನಮ್ಮ ಕೈಯಲ್ಲಿ ಏನೂ ಇಲ್ಲ. ಸರ್ಕಾರದ ನೀತಿ ಬೇಕಾದದ್ದು ಆ ಮನೆಗಳಿಗೆ.

ಸಂವಿಧಾನದ 371(ಜೆ) ಕಲಂ ಬಂದ ಮೇಲೆ ಈ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8ರಷ್ಟು ಸೀಟು ಸ್ಥಳೀಯರಿಗೆ ಮೀಸಲಾಗಿದೆ. ಅದು ಪಿಯು ಮುಗಿಸಿದವರಿಗೆ. ಐದನೇ ತರಗತಿಗೊಂದು ಬಾಗಿಲು, ಹನ್ನೆರಡಕ್ಕೊಂದು ಬಾಗಿಲು. ನಡುವಿನ ಏಳು ವರ್ಷ ಬಹುತೇಕ ಬಯಲು. ಈಗ ಹಣವಿಲ್ಲ ಎನ್ನುವಂತಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023–24ರಲ್ಲಿ ಘೋಷಿಸಿದ ಮೊತ್ತ 5,000 ಕೋಟಿ. ಮಂಡಳಿಯ ಅನುದಾನದ ನಾಲ್ಕನೇ ಒಂದು ಪಾಲನ್ನು ಶಿಕ್ಷಣಕ್ಕೆ ಎತ್ತಿಡುವ ‘ಅಕ್ಷರ ಆವಿಷ್ಕಾರ’ ಕಾರ್ಯಕ್ರಮವೂ ಇದೆ. ಅದರಲ್ಲಿ ಕೋಣೆ ಕಟ್ಟುವುದು ಸುಲಭ. ಟೆಂಡರ್ ಇದೆ, ಬಿಲ್ ಇದೆ, ಉದ್ಘಾಟನೆಯ ಕಲ್ಲು ಇದೆ. ಇಡೀ ಕರ್ನಾಟಕದ 5,534 ಎನ್‌ಎಂಎಂಎಸ್ ಮಕ್ಕಳ ಒಂದು ತಂಡಕ್ಕೆ ನಾಲ್ಕು ವರ್ಷಕ್ಕೆ ತಗಲುವುದು ಸುಮಾರು 26.5 ಕೋಟಿ ಮಾತ್ರ. ಮಂಡಳಿ ಮನಸ್ಸು ಮಾಡಿದರೆ ತನ್ನ ಏಳು ಜಿಲ್ಲೆಗಳ ಮಟ್ಟಿಗೆ ಆ ತಿಂಗಳ ಸಾವಿರವನ್ನು ಎರಡು ಸಾವಿರ ಮಾಡಬಹುದು, ಕೇಂದ್ರದ ಪಟ್ಟಿಯಲ್ಲಿ ಕೂದಲೆಳೆಯಲ್ಲಿ ತಪ್ಪಿಹೋದವರಿಗೆ ತನ್ನದೇ ಇನ್ನೊಂದು ಪಟ್ಟಿ ಮಾಡಬಹುದು, ಸಂಜೆ ಪಾಠ ಮಾಡುವ ಮಾಸ್ತರರಿಗೆ ಗೌರವಧನ ಕೊಡಬಹುದು.

ಅದಕ್ಕೂ ಮೊದಲು ಬ್ರೋವರ್ಡ್‌ನವರು ಮಾಡಿದ್ದನ್ನು ಮಾಡಬೇಕು. ಐದನೇ ತರಗತಿಯ ಪ್ರತಿ ಮಗುವನ್ನೂ, ಅರ್ಜಿ ಕೇಳದೆ, ಅದರ ಶಾಲೆಯಲ್ಲೇ, ಕನ್ನಡದಲ್ಲೇ, ಎಲ್ಲರೂ ಊರಲ್ಲಿರುವ ದಿನ ಪರೀಕ್ಷಿಸಿ ನೋಡಬೇಕು. ಇಂಥ ಒಂದು ಪಟ್ಟಿ ಕೊಪ್ಪಳದಲ್ಲಿ ತಯಾರಾದರೂ ಅದನ್ನು ಯಾರ ಟೇಬಲ್ಲಿಗೆ ಕಳಿಸಬೇಕೆಂಬ ತೊಡಕು ಉಳಿಯುತ್ತದೆ. ಆದರ್ಶ ಶಾಲೆಗಳು ಶಾಲಾ ಶಿಕ್ಷಣ ಇಲಾಖೆಯವು, ಮೊರಾರ್ಜಿ ಶಾಲೆಗಳು ಸಮಾಜ ಕಲ್ಯಾಣದಂಥ ಇಲಾಖೆಗಳವು, ನವೋದಯ ಕೇಂದ್ರದ್ದು, ಮಂಡಳಿಯ ಕಚೇರಿ ಕಲಬುರಗಿಯಲ್ಲಿ. ಮೊದಲ ಆದೇಶ ಜಿಲ್ಲಾ ಪಂಚಾಯಿತಿಯಿಂದ ಹೊರಡುವುದೇ ಸರಿ ಎಂದು ನನಗನ್ನಿಸುತ್ತದೆ. ಊರಿನ ಶಾಲೆ ಯಾವುದು, ಗುಳೆ ಹೊರಡುವ ತಿಂಗಳು ಯಾವುದು ಎಂಬುದು ಗೊತ್ತಿರುವುದು ಅಲ್ಲಿನವರಿಗೇ.